ಬೇಲಿ ಹಾರುವ ಕುದುರೆಗಳ ಪದಕಗಳು

ಚರಿತ್ರೆಯ ಆಧಾರಗಳೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುವು ಶಿಲಾಶಾಸನ, ತಾಮ್ರಪಟ, ನಾಣ್ಯ ಇವು ಮೂರೇ. ಅರಸರು ಯುದ್ಧಮಾಡಿದರು, ದಾನಕೊಟ್ಟರು, ಕೆರೆಕಟ್ಟೆಗಳನ್ನು ಕಟ್ಟಿಸಿದರು. ಅದನ್ನೆಲ್ಲ ಕಲ್ಲಿನಲ್ಲಿಯೂ ಲೋಹದಲ್ಲಿಯೂ ಬರೆಯಿಸಿಟ್ಟರು. ಆದರೆ ಮನುಷ್ಯರು ತಮ್ಮ ವಿನೋದಗಳನ್ನು ಕೂಡ ಲೋಹದಲ್ಲಿ ಬರೆದಿಟ್ಟಿರುವರೆಂಬುದು ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಈ ಹೊತ್ತು ನಾನು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಅಂಥ ಒಂದು ಸಣ್ಣ ದಾಖಲೆಯನ್ನು. ಅದು ಅಂಗೈಯಲ್ಲಿ ಹಿಡಿಸುವಷ್ಟು ಅಗಲದ ಒಂದು ಪದಕ. ಅದರ ಒಂದು ಮುಖದಲ್ಲಿ ಬೇಲಿಯನ್ನು ಹಾರುತ್ತಿರುವ ಕುದುರೆ, ಅದರ ಮೇಲೆ ಬಾಗಿ ಕುಳಿತ ಸವಾರ. ಇನ್ನೊಂದು ಮುಖದಲ್ಲಿ ಎಲೆಬಳ್ಳಿಯ ಚೌಕಟ್ಟು, ಅದರ ನಡುವೆ ಹೆಸರನ್ನು ಕೊರೆಯಲೆಂದು ಬಿಟ್ಟ ಬರಿಯ ಜಾಗ. ಯೂರೋಪಿನ ‘ಸ್ಟೀಪಲ್ ಚೇಸ್’ ಎಂಬ ಪಂದ್ಯದ ಚರಿತ್ರೆಗೆ ಸಂಬಂಧಪಟ್ಟ ಇಂಥ ಪದಕಗಳನ್ನು ಸಂಗ್ರಹಿಸುವವರು ಈಗಲೂ ಅನೇಕರಿದ್ದಾರೆ. ಇವನ್ನು ಶಾಸನವನ್ನು ಓದುವಂತೆ ಓದುವುದು ಸಾಧ್ಯವೆ? ಓದಿದರೆ ಅವು ಏನನ್ನು ಹೇಳುವುವು, ಏನನ್ನು ಹೇಳದೆ ಬಿಡುವುವು? ಇದನ್ನೇ ಸ್ವಲ್ಪ ವಿಚಾರಮಾಡೋಣ.

ಮೊದಲು ಪಂದ್ಯದ ಪರಿಚಯ. ನಮ್ಮ ಬೆಂಗಳೂರು ಮೈಸೂರುಗಳ ಮೈದಾನಗಳಲ್ಲಿ ನಾವು ಕಂಡಿರುವ ಜೂಜಿನ ಓಟ ಸಮತಲದ ಮೇಲಣ ಓಟ. ಸ್ಟೀಪಲ್ ಚೇಸ್ ಹಾಗಲ್ಲ. ಅದರಲ್ಲಿ ಕುದುರೆಯು ಬೇಲಿ, ಹಳ್ಳ, ಗೋಡೆ, ನೀರು ಇವನ್ನೆಲ್ಲ ಹಾರಿ ಮುಂದುವರಿಯಬೇಕು. ‘ಸ್ಟೀಪಲ್’ ಎಂದರೆ ಕ್ರೈಸ್ತ ದೇವಾಲಯದ ಚೂಪಾದ ಗೋಪುರ. ಕ್ರಿ. ಶ. ೧೭೫೨ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಕಾರ್ನೀಲಿಯಸ್ ಓ’ಕ್ಯಾಲಹನ್, ಎಡ್ಮಂಡ್ ಬ್ಲೇಕ್ ಎಂಬ ಇಬ್ಬರು ಮಹನೀಯರು ಪಂಥಕಟ್ಟಿ, ಬಟವೆಂಟ್ ಎಂಬ ಊರಿನ ದೇವಾಲಯದಿಂದ ಡೋನರೇಲ್ ಎಂಬ ಊರಿನ ದೇವಾಲಯದವರೆಗೆ ಸುಮಾರು ನಾಲ್ಕೂವರೆ ಮೈಲಿ ಕುದುರೆ ಓಡಿಸಿದರೆಂದು ಪ್ರತೀತಿ. ದಾರಿಯೆಂಬುದಿಲ್ಲ, ದೂರದ ಗೋಪುರವೇ ಗುರಿ. ನಡುವೆ ಹೊಲದ ಬದುವಿರಲಿ, ತೊರೆಯಿರಲಿ, ಹಾರಿಕೊಂಡು ಹೋಗತಕ್ಕದ್ದು. ಗೋಪುರವನ್ನು ನೋಡಿಕೊಂಡು ಓಡಿದ್ದರಿಂದಲೇ ಆ ಹೆಸರು ನಿಂತಿತು. ನರಿಬೇಟೆಯಲ್ಲಿ ಪಳಗಿದ ಕುದುರೆಗಳಿಗೆ ಇದು ತಕ್ಕ ಪರೀಕ್ಷೆಯಾಗಿದ್ದಿತು.

ಮುಂದೆ ಈ ಓಟವು ಹೊಲಗದ್ದೆಗಳನ್ನು ಬಿಟ್ಟು ಗೊತ್ತಾದ ಮೈದಾನಗಳಿಗೆ ಬಂದಿತು. ೧೮೩೦ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಥಾಮಸ್ ಕೋಲ್ಮನ್ ಎಂಬ ಹೋಟೆಲಿನ ಯಜಮಾನನು ಇದನ್ನು ವರ್ಷವರ್ಷವೂ ನಡೆಯುವ ಉತ್ಸವವನ್ನಾಗಿ ಮಾಡಿದನು. ಲಿವರ್‌ಪೂಲಿನ ಬಳಿಯ ಏನ್‌ಟ್ರಿಯಲ್ಲಿ ವಿಲಿಯಂ ಲಿನ್ ಎಂಬ ಇನ್ನೊಬ್ಬ ಹೋಟೆಲಿನವನು ಮೈದಾನವನ್ನು ಸಿದ್ಧಪಡಿಸಿದನು. ೧೮೩೯ರಲ್ಲಿ ಅಲ್ಲಿ ನಡೆದ ಪಂದ್ಯವನ್ನೇ ‘ಗ್ರ್ಯಾಂಡ್ ನ್ಯಾಷನಲ್’ನ ಆರಂಭವೆಂದು ಸಾಮಾನ್ಯವಾಗಿ ಎಣಿಸುವರು. ಗೆದ್ದ ಕುದುರೆಯ ಹೆಸರು ‘ಲಾಟರಿ’. ಸವಾರ ಜೆಮ್ ಮೇಸನ್. ಆ ದಿನವೇ ಕ್ಯಾಪ್ಟನ್ ಬೀಚರ್ ಎಂಬ ಸವಾರನು ಒಂದು ತೊರೆಯಲ್ಲಿ ಬಿದ್ದು, ಮಿಕ್ಕ ಕುದುರೆಗಳು ಮೇಲೆ ಹಾರಿಹೋಗುವವರೆಗೆ ನೀರಿನಲ್ಲಿಯೇ ಅಡಗಿದ್ದನು. ಆ ತಡೆಗೆ ಇಂದಿಗೂ ಬೀಚರನ ತೊರೆಯೆಂದೇ ಹೆಸರು. ಬಿದ್ದವನ ಹೆಸರು ನೆಲಕ್ಕೆ ಹೀಗೆ ಅಂಟಿಕೊಂಡಿದೆ. ಗೆದ್ದವನ ಹೆಸರು ಪುಸ್ತಕದಲ್ಲಿದೆ.

ಇನ್ನು ಫ್ರಾನ್ಸಿಗೆ ಬರೋಣ. ಪದಕಗಳ ಕಲೆಯು ಅಲ್ಲಿ ಪರಿಪಾಕಕ್ಕೆ ಬಂದುದರಿಂದ, ನಮ್ಮ ವಿಷಯಕ್ಕೆ ಅದೇ ತಕ್ಕ ಸ್ಥಳ. ಇಂಗ್ಲೆಂಡಿನಿಂದ ಬಂದ ಈ ಪಂದ್ಯವನ್ನು ವ್ಯವಸ್ಥೆಗೊಳಿಸುವುದಕ್ಕಾಗಿ ೧೮೬೩ರಲ್ಲಿ ಫ್ರಾನ್ಸಿನ ಸ್ಟೀಪಲ್ ಚೇಸ್ ಸಂಘವು ಹುಟ್ಟಿತು. ಏಳು ವರ್ಷಗಳಲ್ಲಿಯೇ, ೧೮೭೦-೭೧ರಲ್ಲಿ, ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಫ್ರಾನ್ಸು ಸೋತಿತು. ಸೋತ ದೇಶದಲ್ಲಿ ದಂಡಿನ ಕುದುರೆಗಳ ಚಿಂತೆ ಬಲವಾಯಿತು. ಗಟ್ಟಿ ಮೂಳೆಯ, ಹೆದರದ, ದೂರ ಓಡಬಲ್ಲ, ಅಡ್ಡಿಗಳನ್ನು ಹಾರಬಲ್ಲ ಕುದುರೆಗಳು ದಂಡಿಗೆ ಬೇಕು. ಅಂಥವನ್ನು ಆರಿಸುವುದಕ್ಕೆ ಬೇಲಿ ಹಾರುವ ಓಟಕ್ಕಿಂತ ಮೇಲಾದ ಪರೀಕ್ಷೆ ಯಾವುದು? ೧೮೭೩ರಲ್ಲಿ ಪ್ಯಾರಿಸ್ ನಗರದ ಅಂಚಿನ ಬೂಲೋನ್ ಉಪವನದಲ್ಲಿ ಓತೆಯ್ ಎಂಬ ಮೈದಾನವು ತೆರೆಯಿತು. ಮರುವರ್ಷ ಅಲ್ಲಿ ಮಹಾಪಂದ್ಯವು ಆರಂಭವಾಯಿತು; ಅದೇ ಮುಂದೆ ‘ಗ್ರಾಂ ಸ್ಟೀಪಲ್ ಚೇಸ್ ದ ಪಾರಿ’ ಎಂದು ಪ್ರಸಿದ್ಧವಾಯಿತು. ಅದೇ ೧೮೭೪ರಲ್ಲಿ ಸರ್ಕಾರದ ಅಶ್ವಶಾಲೆಗಳನ್ನು ಸುಧಾರಿಸುವ ಶಾಸನವೂ ಬಂದಿತು. ಫ್ರಾನ್ಸಿನ ಕುದುರೆಗಳ ಏಳಿಗೆಗೆಂದು ಹುಟ್ಟಿದ ಈ ಪಂದ್ಯವನ್ನು ಮೊದಲ ವರ್ಷ ಗೆದ್ದುದು ‘ಮಿಸ್ ಹಂಗರ್‌ಫರ್ಡ್’ ಎಂಬ ಇಂಗ್ಲೆಂಡಿನ ಹೆಣ್ಣುಕುದುರೆ!

ದಂಡಿಗೂ ಪಂದ್ಯಕ್ಕೂ ಇರುವ ಈ ನಂಟು ನಮಗೆ ಹೊಸತೇನೂ ಅಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಏರ್ಪಟ್ಟ ಕುಣಿಗಲಿನ ಅಶ್ವಶಾಲೆಯು ಕಾಲಾಂತರದಲ್ಲಿ ಪಂದ್ಯದ ಕುದುರೆಗಳನ್ನು ಬೆಳೆಸುವ ಸ್ಥಳವಾದುದನ್ನು ನೆನೆದರೆ ಸಾಕು.

ಪಂದ್ಯವೆಂದ ಮೇಲೆ ಬಹುಮಾನ ಬೇಕಷ್ಟೆ. ದೊಡ್ಡ ಪಂದ್ಯಗಳಲ್ಲಿ ಹಣದ ಗಂಟು, ಬೆಳ್ಳಿಬಂಗಾರದ ಬಟ್ಟಲು. ಇವು ರೂಢಿಯಂತೆ ಕುದುರೆಯ ಒಡೆಯನಿಗೆ ಸಲ್ಲತಕ್ಕವು. ಪದಕದ ಹಾದಿ ಬೇರೆ. ಕೂಲಿಗಾಗಿ ಸವಾರಿಮಾಡದ ಹವ್ಯಾಸಿಗಳು, ದಂಡಿನ ಅಧಿಕಾರಿಗಳು, ಒಳ್ಳೆಯ ತಳಿಯನ್ನು ಸಾಕಿದ ರೈತರು, ಇಂಥವರಿಗೆ ಹಣವನ್ನು ಕೊಡುವುದಕ್ಕಿಂತ ಮರ್ಯಾದೆಯ ಗುರುತೊಂದನ್ನು ಕೊಡುವುದು ಉಚಿತವೆಂದು ತೋರುತ್ತಿದ್ದಿತು. ಹೀಗಾಗಿ ಪದಕವು ಬಟ್ಟಲಿಗಿಂತ ಕಡಿಮೆ ಬೆಲೆಯದಾದರೂ, ಹೆಚ್ಚು ಮನೆಗಳನ್ನು ಸೇರಿತು. ಒಂದೇ ಅಚ್ಚಿನಿಂದ ಬೆಳ್ಳಿಯದನ್ನೂ, ಬೆಳ್ಳಿಯ ಮೇಲೆ ಚಿನ್ನದ ಮುಲಾಮು ಮಾಡಿದುದನ್ನೂ, ಕಂಚಿನದನ್ನೂ ಒತ್ತಿ, ತಾರತಮ್ಯವನ್ನು ತೋರಿಸಬಹುದಾಗಿದ್ದಿತು.

ಅದನ್ನು ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ನೋಡೋಣ. ಶಿಲ್ಪಿಯು ಮೊದಲು ಮೇಣದಲ್ಲಿಯೋ ಜೇಡಿಯಲ್ಲಿಯೋ ದೊಡ್ಡ ತಟ್ಟೆಯಷ್ಟು ಅಗಲಕ್ಕೆ ಉಬ್ಬುಚಿತ್ರವನ್ನು ರಚಿಸುವನು. ಅದರಿಂದ ಲೋಹದ ಪ್ರತಿಯನ್ನು ಎರಕಹೊಯ್ದು ಕುಗ್ಗಿಸುವ ಯಂತ್ರಕ್ಕೆ ಹೂಡುವರು. ಯಂತ್ರದ ಒಂದು ತುದಿಯ ಮೊನೆಯು ದೊಡ್ಡ ಚಿತ್ರದ ಉಬ್ಬುತಗ್ಗುಗಳನ್ನು ಸವರಿಕೊಂಡು ಹೋದಂತೆ, ಇನ್ನೊಂದು ತುದಿಯ ಉಳಿಯು ಅದನ್ನೇ ಚಿಕ್ಕ ಪ್ರಮಾಣದಲ್ಲಿ ಉಕ್ಕಿನ ಮೇಲೆ ಕೊರೆಯುವುದು. ಇದರಿಂದ ಸಿದ್ಧವಾದ ಉಕ್ಕಿನ ಅಚ್ಚನ್ನು ಕಾಯಿಸಿ ಹದಗೊಳಿಸಿ, ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಒತ್ತುವರು. ಉಬ್ಬು ಹೆಚ್ಚಾಗಿರುವುದರಿಂದ ಒಂದೇ ಪೆಟ್ಟಿಗೆ ಚಿತ್ರವು ಪೂರ್ತಿಯಾಗಿ ಏಳುವುದಿಲ್ಲ. ಒತ್ತುವುದು, ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡುವುದು, ಮತ್ತೆ ಒತ್ತುವುದು, ಹೀಗೆ ಹಲವು ಸಲ ನಡೆಯಬೇಕು. ಯಂತ್ರವು ಬಂದ ಮೇಲೆ ಅಚ್ಚನ್ನು ನೇರವಾಗಿ ಉಕ್ಕಿನಲ್ಲಿ ಕೈಯಿಂದ ಕೊರೆಯುವ ಅಗತ್ಯವು ತಪ್ಪಿ, ಶಿಲ್ಪಿಗಳೆಲ್ಲರೂ ಪದಕಕಾರರಾಗಲು ದಾರಿಯಾಯಿತು.

ಈಗ ಓದುವ ಕ್ರಮ. ಪದಕಕ್ಕೆ ಮುಖ, ಬೆನ್ನು, ಅಂಚು ಎಂದು ಮೂರು ಪುಟಗಳು. ಹೊಸಬರು ಮುಖವನ್ನು ನೋಡುವರು. ಬಲ್ಲವರು ಮೊದಲು ಅಂಚನ್ನು ನೋಡುವರು. ಏಕೆಂದರೆ, ಪ್ಯಾರಿಸಿನ ಟಂಕಸಾಲೆಯಲ್ಲಿ ಒತ್ತಿದ ಪದಕಗಳ ಅಂಚಿನ ಮೇಲೆ ೧೮೩೨ರಿಂದೀಚೆಗೆ ಒಂದು ಪುಟ್ಟ ಮುದ್ರೆಯಿರುವುದು. ೧೮೩೨ರಿಂದ ೧೮೪೧ರವರೆಗೆ ಪ್ರಾಚೀನ ಮಾದರಿಯ ಒಂದು ದೀಪ. ಆಮೇಲೆ ೧೮೪೨ರವರೆಗೆ ಲಂಗರು. ೧೮೪೨ರಿಂದ ೧೮೪೫ರವರೆಗೆ ಹಡಗಿನ ಮೂತಿ. ೧೮೪೫ರಿಂದ ೧೮೬೦ರವರೆಗೆ ಬೆರಳು ತೋರಿಸುವ ಕೈ. ೧೮೬೦ರಿಂದ ೧೮೭೯ರವರೆಗೆ ಜೇನುನೊಣ. ೧೮೮೦ರಿಂದ ಹಣ್ಣುಹೂ ತುಂಬಿದ ಸಮೃದ್ಧಿಯ ಕೊಂಬು. ಇದರ ಪಕ್ಕದಲ್ಲಿ ಲೋಹದ ಹೆಸರೂ ಇರುವುದುಂಟು. ಬಣ್ಣವನ್ನು ನೋಡಿ ಚಿನ್ನವೆಂದು ಬೆಲೆ ಕೊಟ್ಟವನು ಅಂಚನ್ನು ಓದಿದ್ದರೆ ಅದು ಮುಲಾಮು ಮಾತ್ರವೆಂದು ತಿಳಿಯುತ್ತಿದ್ದನು.

ಈ ಮುದ್ರೆಗಳ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಟೀಪಲ್ ಚೇಸ್ ಸಂಘವು ಹುಟ್ಟಿದ್ದು ೧೮೬೩ರಲ್ಲಿ. ಆದುದರಿಂದ ಅದರ ಹೆಸರುಳ್ಳ ಪದಕದ ಅಂಚಿನಲ್ಲಿ ಬೆರಳು ತೋರಿಸುವ ಕೈಯಿದ್ದರೆ, ಎಲ್ಲಿಯೋ ಮೋಸವಿದೆಯೆಂದು ತಿಳಿಯಬೇಕು. ಓತೆಯ್ ಮೈದಾನದ ಮೊದಲ ಆರೇಳು ವರ್ಷಗಳ ಪದಕದಲ್ಲಿ ಜೇನುನೊಣವಿರತಕ್ಕದ್ದು. ೧೮೭೪ ಎಂದು ಮುಖದಲ್ಲಿ ಬರೆದಿದ್ದು, ಅಂಚಿನಲ್ಲಿ ಸಮೃದ್ಧಿಯ ಕೊಂಬಿದ್ದರೆ, ಅದು ಆ ವರ್ಷ ಯಾರ ಕೈಗೂ ಬಂದ ಪದಕವಲ್ಲ. ಹಳೆಯ ಅಚ್ಚಿನಿಂದ ಮುಂದೆಂದೋ ಒತ್ತಿದ ಪ್ರತಿ. ಇದು ಕೃತ್ರಿಮವೆಂದು ಹೇಳಬೇಕಾಗಿಲ್ಲ. ಟಂಕಸಾಲೆಯೇ ಹಳೆಯ ಅಚ್ಚುಗಳನ್ನು ಮತ್ತೆ ಬಳಸುತ್ತಿದ್ದಿತು. ಆದರೆ ಗೆದ್ದವನ ಎದೆಬಡಿತವನ್ನು ಕೇಳಿದ ಪದಕವೂ, ಅಂಗಡಿಗೆಂದು ಒತ್ತಿದ ಪದಕವೂ ಒಂದೇ ಅಲ್ಲವಲ್ಲ. ಶಾಸನದ ಮೂಲಕ್ಕೂ ಪ್ರತಿಗೂ ನಾವು ಮಾಡುವ ಭೇದವನ್ನೇ ಇಲ್ಲಿಯೂ ಮಾಡಬೇಕು. ಖಾಸಗಿ ಕಾರ್ಖಾನೆಗಳ ಪದಕಗಳಲ್ಲಿ ಈ ಮುದ್ರೆಗಳಿರುವುದಿಲ್ಲವೆಂಬುದನ್ನೂ ಮರೆಯಬಾರದು.

ಮುಖದ ಚಿತ್ರವೂ ಕಾಲವನ್ನು ಹೇಳಬಲ್ಲುದು. ಹಳೆಯ ಚಿತ್ರಗಾರರು ಓಡುವ ಕುದುರೆಯನ್ನು ತೋರಿಸುವಾಗ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ನೀಳವಾಗಿ ಚಾಚಿಸಿ, ಆಕಾಶದಲ್ಲಿ ತೇಲುವಂತೆ ಬಿಡಿಸುತ್ತಿದ್ದರು. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಬೇರೆಬೇರೆಯಾಗಿ ಚಿತ್ರಿಸಿದನು. ನಾಗಾಲೋಟದಲ್ಲಿ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುವ ಕ್ಷಣವೇನೋ ಉಂಟು. ಆದರೆ ಆ ಕ್ಷಣದಲ್ಲಿ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಒಟ್ಟುಗೂಡಿರುತ್ತವೆ ಎಂಬುದು ಆ ಛಾಯಾಚಿತ್ರಗಳಿಂದ ಸಿದ್ಧವಾಯಿತು. ಆ ವರ್ಷವೇ ಅವು ಪ್ಯಾರಿಸಿನ ಒಂದು ವಿಜ್ಞಾನಪತ್ರಿಕೆಯಲ್ಲಿ ಅಚ್ಚಾದುವು. ಶತಮಾನಗಳಿಂದ ಕಣ್ಣು ನಂಬಿದ್ದುದು ಸುಳ್ಳಾಯಿತೆಂದು ಕಲಾವಿದರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಪದಕಗಳ ಮೇಲಣ ಕುದುರೆಗಳೂ ಆಮೇಲೆ ಮೆಲ್ಲಮೆಲ್ಲನೆ ಕಾಲುಗಳನ್ನು ಮಡಚಿಕೊಳ್ಳತೊಡಗಿದುವು. ಎಲ್ಲ ಶಿಲ್ಪಿಗಳೂ ಹಳೆಯ ರೂಢಿಯನ್ನು ಒಮ್ಮೆಗೇ ಬಿಡಲಿಲ್ಲವಾದ ಕಾರಣ ಇದೊಂದರಿಂದಲೇ ಕಾಲವನ್ನು ನಿರ್ಣಯಿಸಬಾರದು; ಅಂಚಿನ ಸಾಕ್ಷ್ಯದೊಡನೆ ಕೂಡಿಸಿ ನೋಡಬೇಕು.

ಉಳಿದುದು ಬೆನ್ನು. ನಿಜವಾಗಿ ಚರಿತ್ರೆಯಿರುವುದು ಇಲ್ಲಿಯೇ. ಗೆದ್ದವರ ಹೆಸರು, ಊರು, ವರ್ಷ ಇವನ್ನು ಆ ಬರಿಯ ಜಾಗದಲ್ಲಿ ಕೊರೆಯಿಸಬೇಕಷ್ಟೆ. ಆದರೆ ಎಷ್ಟೋ ಪದಕಗಳಲ್ಲಿ ಆ ಜಾಗವು ಬರಿದಾಗಿಯೇ ಉಳಿದಿದೆ. ಕೊಡುವವರು ಕೊಟ್ಟರು, ಪಡೆದವರು ಪೆಟ್ಟಿಗೆಯಲ್ಲಿಟ್ಟರು. ಅಕ್ಕಸಾಲೆಯ ಹತ್ತಿರ ಒಯ್ದು ಕೊರೆಯಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಬರೆಯುವುದೇಕೆ? ಎರಡು ತಲೆಗಳು ಕಳೆದ ಮೇಲೆ ಮನೆಯಲ್ಲಿಯೂ ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಕೊರೆದಿರುವ ಕಡೆಯೂ ಒಡೆಯನ ಹೆಸರಿದ್ದರೆ ಸವಾರನದಿಲ್ಲ, ಸವಾರನದಿದ್ದರೆ ಕುದುರೆಯದಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಹುಲ್ಲುಹುರುಳಿಯಿಟ್ಟು ಮೈತಿಕ್ಕಿದ ಲಾಯದ ಆಳಿನ ಹೆಸರಂತೂ ಹುಡುಕಿದರೂ ಸಿಕ್ಕದು.

ಪದಕವು ಹೇಳದೆ ಬಿಡುವುದೆಷ್ಟೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳುವೆನು. ೧೯೬೨ನೆಯ ಇಸವಿ ಜೂನ್ ತಿಂಗಳಿನಲ್ಲಿ, ಅದೇ ಓತೆಯ್ ಮೈದಾನದ ಮಹಾಪಂದ್ಯಕ್ಕೆ ಇಂಗ್ಲೆಂಡಿನಿಂದ ‘ಮ್ಯಾಂಡರಿನ್’ ಎಂಬ ಕುದುರೆ ಬಂದಿತು. ಸವಾರ ಫ್ರೆಡ್ ವಿಂಟರ್. ಅಂದು ಅವನಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲ. ಆರಂಭದ ಕೆಲವು ತಡೆಗಳನ್ನು ದಾಟುವಷ್ಟರಲ್ಲಿಯೇ ಕುದುರೆಯ ಬಾಯೊಳಗಣ ಕಡಿವಾಣವು ಮುರಿದುಹೋಯಿತು. ಲಗಾಮು ಕೈಯಲ್ಲಿದ್ದರೂ ಅದರಿಂದ ಕುದುರೆಯನ್ನು ತಡೆಯುವಂತಿಲ್ಲ, ತಿರುಗಿಸುವಂತಿಲ್ಲ. ಮೈದಾನವೋ ಎಂಟರ ಅಂಕೆಯಂತೆ ಸುತ್ತಿಬಳಸುವುದು. ಮುಂದೆ ಇನ್ನೂ ಮೈಲಿಗಟ್ಟಲೆ ದಾರಿ. ವಿಂಟರನು ಮೊಳಕಾಲುಗಳನ್ನು ಒತ್ತಿ, ಮೈಭಾರವನ್ನು ಅತ್ತಿತ್ತ ವಾಲಿಸಿ, ಅಷ್ಟರಿಂದಲೇ ಕುದುರೆಯನ್ನು ನಡೆಸಿದನು. ಕೊನೆಯ ಹಂತದಲ್ಲಿ ಕುದುರೆಯ ಮುಂಗಾಲಿನ ನರವೂ ಕೆಟ್ಟಿತು. ಆದರೂ ಅದು ನಿಲ್ಲಲಿಲ್ಲ. ‘ಲುಮಿನೊ’ ಎಂಬ ಫ್ರೆಂಚ್ ಕುದುರೆಯನ್ನು ಒಂದು ತಲೆಯಳತೆಯಲ್ಲಿ ಹಿಂದೆಹಾಕಿ ಗೆದ್ದಿತು. ಮ್ಯಾಂಡರಿನ್ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ಇಂಥ ಒಂದು ದಿನದ ನೆನಪಿಗೆ ಪದಕವನ್ನು ಒತ್ತಿದರೆ ಅದರಲ್ಲಿ ಏನಿರುವುದು? ಬೇಲಿ ಹಾರುವ ಕುದುರೆ, ಒಂದು ಹೆಸರು, ಒಂದು ವರ್ಷ. ಪದಕದ ಮೇಲಿನ ಕುದುರೆಯ ಬಾಯಲ್ಲಿ ಕಡಿವಾಣವು ಎಂದಿಗೂ ಮುರಿಯುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಪದಕಗಳು ಹೇಳುವುದಿಲ್ಲ. ಅದನ್ನು ನಾವು ಮರೆಮಾಚಬಾರದು. ಈ ವಿನೋದಕ್ಕೆ ಕುದುರೆಗಳು ಪ್ರಾಣವನ್ನು ತೆತ್ತಿವೆ. ೧೮೩೯ರಲ್ಲಿ ಲಾಟರಿಯು ಗೆದ್ದ ದಿನವೇ ‘ಡಿಕ್ಟೇಟರ್’ ಎಂಬ ಕುದುರೆಯು ಬಿದ್ದು ಸತ್ತಿತು. ೧೯೨೮ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಟಕ್ಕೆ ನಿಂತ ೪೨ ಕುದುರೆಗಳಲ್ಲಿ ಗುರಿಮುಟ್ಟಿದವು ಎರಡೇ. ಅವುಗಳಲ್ಲಿಯೂ ಒಂದು ಬಿದ್ದು, ಮತ್ತೆ ಸವಾರನನ್ನು ಹೊತ್ತುಕೊಂಡು ಬಂದುದು. ಜನರ ಮನಸ್ಸು ಇದನ್ನು ಸಹಿಸದಾದಂತೆ ನಿಯಮಗಳೂ ಬದಲಾಗಿವೆ. ೧೯೮೯ರಲ್ಲಿ ಎರಡು ಕುದುರೆಗಳು ಸತ್ತ ಮೇಲೆ ಬೀಚರನ ತೊರೆಯ ಹಳ್ಳವನ್ನು ಬಹುಮಟ್ಟಿಗೆ ತುಂಬಿಸಿದರು. ೨೦೧೩ರಲ್ಲಿ ಬೇಲಿಗಳೊಳಗಿನ ಮರದ ಗೂಟಗಳನ್ನು ತೆಗೆದು ಬಾಗುವಂಥ ವಸ್ತುವನ್ನು ಇಟ್ಟರು. ೨೦೨೪ರಿಂದ ಓಡುವ ಕುದುರೆಗಳ ಸಂಖ್ಯೆಯನ್ನು ೪೦ರಿಂದ ೩೪ಕ್ಕೆ ಇಳಿಸಿದರು. ಇಷ್ಟು ಸಾಲದೆನ್ನುವವರೂ ಇದ್ದಾರೆ. ಅವರ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಪದಕದ ಅಂದವನ್ನು ಮೆಚ್ಚುವವನು ಈ ಲೆಕ್ಕವನ್ನೂ ಜೊತೆಯಲ್ಲಿಯೇ ಇಟ್ಟುಕೊಂಡಿರಬೇಕು.

ಸಂಗ್ರಾಹಕರಿಗೆ ಎರಡು ಮಾತು. ಹಳೆಯ ಪದಕವು ಕೈಗೆ ಬಂದೊಡನೆ ಹುಣಿಸೆಹಣ್ಣು, ಬೂದಿ, ಹೊಳಪಿನ ಪುಡಿ ಇವುಗಳಿಂದ ಉಜ್ಜುವ ಆಸೆ ಹುಟ್ಟುವುದು ಸಹಜ. ನಮ್ಮ ಮನೆಗಳಲ್ಲಿ ಕಂಚು ಹಿತ್ತಾಳೆಗಳು ಬೆಳಗಬೇಕೆಂಬುದು ಸಂಪ್ರದಾಯ. ಆದರೆ ಪದಕದ ಮೇಲಣ ಕಂದುಬಣ್ಣವು ಕೊಳೆಯಲ್ಲ; ಟಂಕಸಾಲೆಯಲ್ಲಿಯೇ ಬೇಕೆಂದು ಕೊಟ್ಟ ಛಾಯೆ, ಅದರ ಮೇಲೆ ಕಾಲವು ಹೊದಿಸಿದ ಪೊರೆ. ಉಜ್ಜಿದರೆ ಕುದುರೆಯ ಜೂಲಿನ ಎಳೆಗಳು ಮೊದಲು ಹೋಗುವುವು, ಆಮೇಲೆ ಅಂಚಿನ ಮುದ್ರೆ, ಕೊನೆಗೆ ಕೊರೆದ ಹೆಸರು. ಇನ್ನೊಂದು ಮಾತು: ಪದಕವು ಎಲ್ಲಿಂದ, ಯಾರ ಮನೆಯಿಂದ ಬಂದಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಬೇಕು. ಪದಕಗಳನ್ನು ಹೊರಡಿಸಿದ ಸಂಘಗಳೂ ಶಾಶ್ವತವಲ್ಲ. ಫ್ರಾನ್ಸಿನ ಸ್ಟೀಪಲ್ ಚೇಸ್ ಸಂಘವು ೧೯೯೫ರಲ್ಲಿ ಇತರ ಸಂಘಗಳೊಡನೆ ಕೂಡಿ ‘ಫ್ರಾನ್ಸ್ ಗಾಲೊ’ ಎಂಬ ಒಂದೇ ಸಂಸ್ಥೆಯಾಯಿತು. ಹಳೆಯ ಸಂಘದ ಹೆಸರು ಈಗ ಓದುವುದಕ್ಕೆ ಸಿಕ್ಕುವುದು ಇಂಥ ಕಂಚಿನ ಬಿಲ್ಲೆಗಳಲ್ಲಿ ಮತ್ತು ಹಳೆಯ ಕಾಗದಗಳಲ್ಲಿ.

ನಮ್ಮ ನಾಡಿನ ಒಂದು ಕಲ್ಲು ಇಲ್ಲಿ ನೆನಪಿಗೆ ಬರುವುದು. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವದು. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೆರನೆಂಬ ವೀರನು, ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ‘ಕಾಳಿ’ಯೆಂಬ ಬೇಟೆನಾಯಿಯನ್ನು ಪಡೆದನು. ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತುವು. ಆ ನಾಯಿಗೆ ಕಲ್ಲು ನಿಂತಿತು. ಕಲ್ಲಿನಲ್ಲಿ ಅದರ ಹೆಸರನ್ನೂ ಹಂದಿಯೊಡನೆ ಅದು ಕಾದುವ ಚಿತ್ರವನ್ನೂ ಕಡೆದರು. ಸಾವಿರ ವರ್ಷಗಳು ಕಳೆದ ಮೇಲೂ ನಾವು ಆ ಪ್ರಾಣಿಯನ್ನು ಹೆಸರು ಹಿಡಿದು ಕರೆಯಬಲ್ಲೆವು. ಯೂರೋಪಿನ ಪದಕಗಳಲ್ಲಿ ಶಿಲ್ಪದ ಸೊಬಗು ಹೆಚ್ಚು, ಲೋಹದ ಬೆಲೆ ಹೆಚ್ಚು. ಆದರೆ ಅವುಗಳ ಮೇಲೆ ಹಾರುತ್ತಿರುವ ಕುದುರೆಗಳಲ್ಲಿ ಬಹುಪಾಲಿಗೆ ಹೆಸರಿಲ್ಲ. ಆದುದರಿಂದ ಇಂಥ ಪದಕವೊಂದು ತಮ್ಮ ಕೈಗೆ ಬಂದಾಗ ಬೆನ್ನನ್ನು ತಿರುಗಿಸಿ ನೋಡಿರಿ. ಅಲ್ಲಿ ಕುದುರೆಯ ಹೆಸರಿದ್ದರೆ ಅದನ್ನು ಬರೆದಿಟ್ಟುಕೊಳ್ಳಿರಿ. ಕೊಂಡ ಬೆಲೆಯನ್ನು ಬರೆಯುವುದಕ್ಕಿಂತ ಮೊದಲು ಅದನ್ನು ಬರೆಯಿರಿ.